ಇಗರ್ಜಿಗಲ್ಲ, ತರಗತಿಗೆ

ಚೆಂಬೂರು,
೧೪ ನವೆಂಬರ್ ೧೯೫೪

ತೀರ್ಥರೂಪ ಅಪ್ಪನವರಿಗೆ ಪ್ರಫುಲ್ಲಾಳ ನಮಸ್ಕಾರಗಳು.

ಇಂಟರ್ ಆರ್ಟ್ಸಿನಲ್ಲಿ ಲ್ಯಾಟಿನ್ ಬಿಟ್ಟು ಸಂಸ್ಕೃತ ತೆಗೆದುಕೋ, ಇಲ್ಲವೇ ಊರಿಗೆ ಬಾ ಎಂದು ಬರೆದಿದ್ದೀರಿ. ಎರಡನ್ನೂ ಮಾಡುವುದಿಲ್ಲ. "ಪಾದ್ರಿಗಳ ಮಂತ್ರ ಕಲಿತು ನಾಳೆ ಇಗರ್ಜಿಗೆ ಹೋಗ್ತೀಯಾ ಮಾರಾಯ್ತಿ?" ಎಂದು ಇಲ್ಲಿ ಸೋದರತ್ತೆಯೂ ಕೇಳಿದರು. ನಾವು ಓದುತ್ತಿರುವ ಲ್ಯಾಟಿನ್ ಪದ್ಯ ಜೇನು ಸಾಕಣೆಯದು. ಯೇಸು ಹುಟ್ಟುವ ಮೊದಲೇ ಬರೆದದ್ದು.

ಅದೂ ಗುರು-ಲಘುವಿನ ಮೇಲೆಯೇ ನಡೆಯುತ್ತದೆ. ತಾಳಮದ್ದಳೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ನೀವು ಚಾಪೆಗೆ ಬೆರಳು ಬಡಿದು ಕಲಿಸಿದಂತೆ, ನಾನು ಡೆಸ್ಕಿಗೆ ಬಡಿದು ಓದಿದೆ. ತರಗತಿಯಲ್ಲಿ ತಪ್ಪದೆ ಓದಿದವಳು ನಾನೊಬ್ಬಳೇ. ಯಾರು ಕಲಿಸಿದ್ದೆಂದು ಪ್ರೊಫೆಸರ್ ಕೇಳಿದಾಗ ನಿಮ್ಮ ಹೆಸರು ಹೇಳಿದೆ.

ನನ್ನನ್ನು ಕರೆದೊಯ್ಯಲು ಅಣ್ಣು ಮಾವನನ್ನು ಕಳಿಸಬೇಡಿ. ನೀವೇ ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೇಳಿ. ಒಂದು ಲಘು ತಪ್ಪಿದರೂ ನಿಮ್ಮೊಂದಿಗೆ ಊರಿನ ಹಡಗು ಹತ್ತುತ್ತೇನೆ.

ನೀವು ಕಲಿಸಿದ ಮಗಳು,
ಪ್ರಫುಲ್ಲಾ