ನೀಲಿ ಕ್ಲಿಪ್ಪು, ಕೆಂಪು ಕ್ಲಿಪ್ಪು

ಜನವರಿ 8, ಸಂಜೆ 6.30

ಇವತ್ತೂ ಬಟಾಣಿ. ಅತ್ತಿಗೆ, ನಾನು ಸೇರಿ ನಾನೂರ ಹತ್ತು ಬಾಕ್ಸ್ ಕೋಲ್ಡ್ ರೂಮಿನೊಳಗೆ ಜೋಡಿಸಿದೆವು. ಹೊರಗೆ ಬಂದಾಗ ಅತ್ತಿಗೆಯ ಬೆರಳು ಮತ್ತೆ ಬೆಳ್ಳಗೆ, ಮೇಣದ ಬತ್ತಿ ಹಾಗೆ. ಕೈಗವಸು ಕಳಚಿ, ಕೈ ಕಂಕುಳಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿ ನಿಂತರು. ಕಾಲು ಗಂಟೆ. ಡಾಕ್ಟರು ಹೋದ ತಿಂಗಳೇ ಹೇಳಿದ್ದಾರೆ, ಕೋಲ್ಡ್ ರೂಮು ಬಿಡಿ, ಇಲ್ಲದಿದ್ದರೆ ಬೆರಳು ಕಳಕೊಳ್ತೀರಿ ಅಂತ. ಅತ್ತಿಗೆ ಹೂಂ ಅಂದು ಮರುದಿನ ಐದೂವರೆಗೆ ಕೆಲಸಕ್ಕೆ ಬಂದರು.

ಈಗ ಒಂದು ದಾರಿ ಕಾಣಿಸಿದೆ. ಬಾಗಿಲಾಚೆಯ ಮೀಟರ್ ಮೇಜು ಖಾಲಿಯಾಗಿದೆ. ಗಂಟೆಗೊಮ್ಮೆ ಎಲ್ಲ ರೂಮಿನ ಟೆಂಪರೇಚರ್ ನೋಡಿ ಬರೆಯೋದು, ಎಷ್ಟು ಏರಿತು ಎಷ್ಟು ಇಳಿಯಿತು ಲೆಕ್ಕ ಹಾಕೋದು. ಕುರ್ಚಿ ಇದೆ. ಹೀಟರ್ ಇದೆ. ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿದವರಿಗೆ ಟೆಸ್ಟು, ಹತ್ತು ಲೆಕ್ಕ, ಹೆಚ್ಚು ಮಾರ್ಕ್ಸ್ ಬಂದವರಿಗೆ ಕುರ್ಚಿ. ಹತ್ತು ವರ್ಷ ದಾಟಿದವರು ಇಬ್ಬರೇ — ಅತ್ತಿಗೆ, ಮತ್ತೆ ಲೋಡಿಂಗಿನ ಉದ್ದಣ್ಣ. ಆ ಎತ್ತರಕ್ಕೆ ಬಗ್ಗಿ ಬಗ್ಗಿ ಬಾಕ್ಸ್ ಎತ್ತಿ ಅವರ ಸೊಂಟ ಹೋಗಿದೆ.

ಸೂಪರ್‌ವೈಸರ್ ಮಾದರಿ ಲೆಕ್ಕದ ಹಾಳೆ ಕೊಟ್ಟಿದ್ದಾರೆ. ತುಂಬಾ ಮೈನಸ್. ಅತ್ತಿಗೆ ಓದಿದ್ದು ಮೂರನೇ ಕ್ಲಾಸು. ನಾನು ಐದು. ಮನೆಗೆ ನಾನೇ ಪಂಡಿತೆ.

"ಹೇಳಿಕೊಡೇ" ಅಂದರು. ಹದಿನಾರು ದಿನ ಇದೆ.

ಜನವರಿ 10

ಸೊನ್ನೆಗಿಂತ ಕೆಳಗೆ ಹೋಗಬಹುದು ಅಂತ ಐದನೇ ಕ್ಲಾಸಿನವರೆಗೆ ಯಾರೂ ಹೇಳಿರಲಿಲ್ಲ. ಪಕ್ಕದ ಮನೆ ದರ್ಜಿಯ ಮಗಳ ಏಳನೇ ಕ್ಲಾಸ್ ಲೆಕ್ಕದ ಪುಸ್ತಕ ಬೇಕಿತ್ತು. ಅವರ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಎರಡು ಸಲ. ಕೊನೆಗೆ ಅತ್ತಿಗೆ ಅಡುಗೆಮನೆ ಕಿಟಕಿಯಿಂದಲೇ ಕೂಗಿ ಕೇಳಿದರು. "ನಮ್ಮ ನಾದಿನಿಗೆ ಬಾಯಿ ಇದೆ, ಊಟಕ್ಕೆ ಮಾತ್ರ!" ದರ್ಜಿ ಜೋರಾಗಿ ನಕ್ಕಿದ್ದು ಕೇಳಿಸಿತು. ಪುಸ್ತಕ ಬಂತು.

ಅದರಲ್ಲಿ ಕೆಂಪು, ನೀಲಿ ಬಿಲ್ಲೆಗಳ ಚಿತ್ರ. ಕೆಂಪು ಅಂದರೆ ಪ್ಲಸ್ ಒಂದು. ನೀಲಿ ಅಂದರೆ ಮೈನಸ್ ಒಂದು. ಒಂದೊಂದು ಸೇರಿದರೆ ಸೊನ್ನೆ. ನಮ್ಮಲ್ಲಿ ಬಿಲ್ಲೆ ಎಲ್ಲಿಂದ ಬರಬೇಕು… ಹಗ್ಗದ ಮೇಲಿದ್ದ ಬಟ್ಟೆ ಕ್ಲಿಪ್ಪು ಕಿತ್ತು ತಂದೆ. ಕೆಂಪು ಹನ್ನೆರಡು, ನೀಲಿ ಇಪ್ಪತ್ತು. ಅಣ್ಣನ ಶರ್ಟು ಗಾಳಿಗೆ ಹಾರಿ ಚರಂಡಿಗೆ ಬಿತ್ತು. ಅಣ್ಣ ಬೈದ. ಅತ್ತಿಗೆ, "ಓದು ಅಂದ್ಮೇಲೆ ಖರ್ಚು ಇರುತ್ತೆ, ಸುಮ್ನಿರಿ" ಅಂದರು.

ಜನವರಿ 11

ಜಗಳ. ಮೈನಸ್ ಇಪ್ಪತ್ತೆರಡು ದೊಡ್ಡದೋ, ಮೈನಸ್ ಹದಿನೆಂಟು ದೊಡ್ಡದೋ. ಅತ್ತಿಗೆ ಇಪ್ಪತ್ತೆರಡು ಅಂದರು. ಪುಸ್ತಕ ತೋರಿಸಿದೆ.

"ಹನ್ನೊಂದು ವರ್ಷ ಆ ರೂಮಲ್ಲಿ ನಿಂತಿದ್ದೀನಿ. ಇಪ್ಪತ್ತೆರಡು ಹದಿನೆಂಟಕ್ಕಿಂತ ಕಡಿಮೆ ಅಂತ ನನಗೆ ಹೇಳ್ತೀಯಾ? ಆ ಪುಸ್ತಕ ಬರೆದವನನ್ನ ಕರ್ಕೊಂಡು ಬಾ. ಒಳಗೆ ನಿಲ್ಲಿಸಿ ಬಾಗಿಲು ಹಾಕೋಣ."

ಅವರದೂ ತಪ್ಪಲ್ಲ. ನಮ್ಮಲ್ಲಿ ಯಾರೂ ಮೈನಸ್ ಅನ್ನೋದೇ ಇಲ್ಲ. ಎರಡನೇ ರೂಮು ಹದಿನೆಂಟಿದೆ, ಇಪ್ಪತ್ತಕ್ಕೆ ಏರಿಸು — ಹೀಗೇ. ಏರಿಸು ಅಂದರೆ ಇನ್ನೂ ತಣ್ಣಗೆ ಮಾಡು. ನಾಲ್ಕು ವರ್ಷದಿಂದ ನಾನೂ ಹಾಗೇ ಅಂತಿದ್ದೀನಿ. ನಾವು ಎಣಿಸೋದು ಚಳಿಯನ್ನ. ಮೀಟರ್ ಎಣಿಸೋದು ಬಿಸಿಯನ್ನ. ಇದನ್ನೇ ಹೇಳಿದೆ. ಅತ್ತಿಗೆ, "ಹಾಗಂತ ಮೊದಲೇ ಹೇಳೋಕೇನು" ಅಂದರು.

ಜನವರಿ 13

ಕೂಡುವುದು ಬಂತು! ಮೈನಸ್ ಏಳಕ್ಕೆ ಐದು ಸೇರಿಸಿ. ಏಳು ನೀಲಿ, ಐದು ಕೆಂಪು. ಒಂದು ಕೆಂಪು ಒಂದು ನೀಲಿಯನ್ನು ಕಚ್ಚಬೇಕು, ಜೋಡಿ ಟಬ್ಬಿಗೆ. ಎರಡು ನೀಲಿ ಉಳಿಯಿತು.

"ಗಂಡ ಹೆಂಡ್ತಿ ಕಚ್ಚಾಡಿದ್ರೆ ಸೊನ್ನೆ. ಇದು ನನಗೆ ಗೊತ್ತಿರೋ ಲೆಕ್ಕ" ಅಂದರು ಅತ್ತಿಗೆ. ಅಣ್ಣ ಪಕ್ಕದಲ್ಲೇ ಇದ್ದ. ಕೇಳಿಸದವನ ಹಾಗೆ ಕೂತಿದ್ದ.

ಬೆರಳಲ್ಲಿ ಹಿಡಿತ ಇಲ್ಲ ಅವರಿಗೆ. ಕ್ಲಿಪ್ಪಿನ ಬಾಯಿ ತೆರೆಯೋಕಾಗಲ್ಲ. ನಾನು ತೆರೆದು ಕೊಡ್ತೀನಿ.

ಜನವರಿ 15

ನಿಂತುಹೋಯಿತು. ಮೂರರಿಂದ ಮೈನಸ್ ಎರಡನ್ನು ಕಳೆಯಿರಿ. ಮೂರು ಕೆಂಪು ಇಟ್ಟೆ. ಎರಡು ನೀಲಿ ತೆಗೀರಿ ಅಂದೆ.

"ನೀಲಿ ಎಲ್ಲಿದೆ?"

"ಇಲ್ಲ."

"ಇಲ್ಲದ್ದನ್ನ ಹೇಗೆ ತೆಗೀಲಿ?"

ನನಗೂ ಗೊತ್ತಿಲ್ಲ. ಪುಸ್ತಕದಲ್ಲಿ ಉತ್ತರ ಐದು ಅಂತಿದೆ. ಮೂರರಿಂದ ತೆಗೆದರೆ ಐದು ಹೇಗೆ ಆಗುತ್ತೆ… ಬೆನ್ನು ನೋವು. ಕ್ಲಿಪ್ಪು ಹಾಗೇ ಬಿಟ್ಟು ಊಟಕ್ಕೆ ಎದ್ದೆವು.

ಜನವರಿ 19, ಬೆಳಿಗ್ಗೆ 5

ಅತ್ತಿಗೆಯೇ ಬಿಡಿಸಿದರು. ನಿನ್ನೆ ಟಬ್ಬು ಖಾಲಿ ಮಾಡುವಾಗ ಎರಡು ಜೋಡಿ ಕೈಯಲ್ಲಿ ಹಿಡಿದು ನಿಂತುಬಿಟ್ಟರು. "ಏ, ಇವು ಸೊನ್ನೆ ತಾನೆ? ಮೂರು ಕೆಂಪಿನ ಪಕ್ಕ ಇಟ್ರೆ ಇನ್ನೂ ಮೂರೇ ತಾನೆ?" ಇಟ್ಟರು. "ಈಗ ನೀಲಿ ಬಂತಲ್ಲ. ಬಿಡಿಸಿ ತೆಗಿ." ತೆಗೆದೆ. ಐದು ಕೆಂಪು ಉಳಿಯಿತು.

ಪುಸ್ತಕದಲ್ಲೂ ಅದೇ ಚಿತ್ರ ಇತ್ತು. ನಾನು ನಾಲ್ಕು ದಿನ ನೋಡಿ ನೋಡಿ ಸುಸ್ತಾಗಿದ್ದೆ. ಬಸ್ಸಿಗೆ ಹೊತ್ತಾಯಿತು.

ಜನವರಿ 24, ಸಂಜೆ

ಟೆಸ್ಟು ಆಯಿತು. ಸೂಪರ್‌ವೈಸರ್ ಅಲ್ಲೇ ತಿದ್ದಿದರು. ಉದ್ದಣ್ಣನಿಗೆ ಒಂಬತ್ತು. ಅತ್ತಿಗೆಗೆ ಎಂಟು.

ಜನವರಿ 25

ಅತ್ತಿಗೆ ಹಾಳೆ ಮಡಚಿ ಸ್ಟೀಲ್ ಡಬ್ಬಿಯ ಕೆಳಗೆ ಇಟ್ಟಿದ್ದರು. ತೆಗೆದು ನೋಡಿದೆ. ಏಳನೇ ಲೆಕ್ಕ — ರೂಮು ಮೈನಸ್ ಹದಿನೆಂಟರಲ್ಲಿದೆ. ಅದರಿಂದ ಮೈನಸ್ ನಾಲ್ಕನ್ನು ಕಳೆದರೆ ಎಷ್ಟು? ಅತ್ತಿಗೆ ಮೈನಸ್ ಹದಿನಾಲ್ಕು ಅಂತ ಬರೆದಿದ್ದಾರೆ. ಕೆಂಪು ಗೀಟು. ಪಕ್ಕದಲ್ಲಿ ಸೂಪರ್‌ವೈಸರ್ ಕೈಬರಹ: -22.

ಕ್ಲಿಪ್ಪು ಇಟ್ಟು ನೋಡಿದೆ. ಹದಿನೆಂಟು ನೀಲಿ. ನಾಲ್ಕು ನೀಲಿ ತೆಗೆದೆ. ಹದಿನಾಲ್ಕು. ಮೂರು ಸಲ ಮಾಡಿದೆ. ಅತ್ತಿಗೆ ಸರಿ. ಸೂಪರ್‌ವೈಸರ್ ತಪ್ಪು. ಉದ್ದಣ್ಣನೂ ಇಪ್ಪತ್ತೆರಡು ಬರೆದು ಮಾರ್ಕು ಪಡೆದಿದ್ದಾರಂತೆ.

ಅತ್ತಿಗೆಗೆ ಹೇಳಿದೆ. "ನೀನು ಬಾಯಿ ಬಿಡಬೇಡ. ನಿನ್ನ ಕೆಲಸಕ್ಕೂ ಕುತ್ತು ತಂದ್ಕೊಬೇಡ" ಅಂದರು. ಈಗ ನೋಡಿ, ಬಾಯಿ ಬಿಡಬೇಡ ಅಂತೆ.

ಜನವರಿ 28

ಆಫೀಸಿನ ಬಾಗಿಲವರೆಗೆ ಹೋದೆ. ವಾಪಸ್ ಬಂದೆ. ನಾಚಿಕೆ ಒಂದೇ ಅಲ್ಲ. ದಾರಿಯಲ್ಲಿ ಮೀಟರ್ ಮೇಜು. ಉದ್ದಣ್ಣ ಕೂತಿದ್ದಾರೆ, ಮನೆಯಿಂದ ದಿಂಬು ತಂದು ಸೊಂಟಕ್ಕೆ ಒತ್ತಿಟ್ಟುಕೊಂಡು.

"ಮೂರು ದಿನದಿಂದ ನೆಟ್ಟಗೆ ನಿದ್ದೆ ಬರ್ತಿದೆ ಮಗಳೇ" ಅಂದರು.

ಅತ್ತಿಗೆಗೆ ಒಂದು ಸೇರಿದರೆ ಇವರಿಗೆ ಒಂದು ಹೋಗುತ್ತೆ. ಒಳಗೆ ಅತ್ತಿಗೆ ಬಾಕ್ಸನ್ನು ಬೆರಳಲ್ಲಿ ಹಿಡಿಯದೆ ಮೊಣಕೈಯಲ್ಲಿ ಅಪ್ಪಿಕೊಂಡು ತರುತ್ತಿದ್ದರು.

ಫೆಬ್ರವರಿ 2, ಸಂಜೆ 7

ಹೋದೆ. "ಸಾರ್, ಏಳನೇ ಲೆಕ್ಕ" ಅಂದೆ. ಚೀಲದಿಂದ ಹದಿನೆಂಟು ನೀಲಿ ಕ್ಲಿಪ್ಪು ತೆಗೆದು ಅವರ ಮೇಜಿನ ಮೇಲೆ ಸಾಲಾಗಿ ಇಟ್ಟೆ.

"ಏನಮ್ಮಾ ಇದು, ಬಟ್ಟೆ ಒಣಗಿಸೋಕೆ ಬಂದ್ಯಾ?"

"ಒಂದೊಂದೂ ಒಂದು ಡಿಗ್ರಿ ಚಳಿ ಸಾರ್. ನಾಲ್ಕು ತೆಗೀರಿ."

ತೆಗೆದರು. ಎಣಿಸಿದರು. ಮತ್ತೆ ಎಣಿಸಿದರು. "ಎರಡು ಮೈನಸ್ ಬಂದ್ರೆ ಜಾಸ್ತಿ ತಾನೆ ಆಗೋದು?" ಅಂದರು, ತಮಗೇ ಹೇಳಿಕೊಂಡ ಹಾಗೆ. ನಾನು ಕ್ಲಿಪ್ಪು ನೋಡುತ್ತಾ ನಿಂತೆ. ಅವರೂ ಮೊದಲು ಒಳಗೆ ಬಾಕ್ಸ್ ಹೊತ್ತವರೇ. ಇಪ್ಪತ್ತಕ್ಕೆ ಏರಿಸು ಅಂತ ನಮಗೆಲ್ಲ ಕಲಿಸಿದವರೇ ಅವರು.

ಆಮೇಲೆ ಗಾಜಿನಿಂದ ಆಚೆ, ಮೀಟರ್ ಮೇಜಿನ ಕಡೆ ನೋಡಿದರು. "ಹಾಗಾದ್ರೆ ಅವನದು ಎಂಟು. ಇದನ್ನ ಯೋಚ್ನೆ ಮಾಡಿದ್ಯಾ?"

"ಮಾಡಿದೆ ಸಾರ್."

ಪೆನ್ನು ತೆಗೆದರು.

ಫೆಬ್ರವರಿ 4

ಅತ್ತಿಗೆ ಮೇಜಿನಲ್ಲಿ. ಪ್ರತಿ ರೂಮಿಗೂ "ಮೈನಸ್" ಸೇರಿಸಿ ಕೂಗುತ್ತಾರೆ, ಮೈನಸ್ಸನ್ನೇ ಜೋರಾಗಿ. ಎಲ್ಲರಿಗೂ ನಗು. ಸಂಜೆ ಕೈ ತೋರಿಸಿದರು. ಬೆರಳ ತುದಿ ಕೆಂಪಗಿತ್ತು. ಖುಷಿಯಾಗಬೇಕಿತ್ತು. ಆಯಿತು ಕೂಡ. ಬರೆಯೋಕೆ ಮಾತ್ರ ಆಗುತ್ತಿಲ್ಲ.

ಉದ್ದಣ್ಣ ದಿಂಬು ಮನೆಗೆ ಒಯ್ದರು.

ಫೆಬ್ರವರಿ 11, ಸಂಜೆ

ಏಳು ದಿನದಿಂದ ಉದ್ದಣ್ಣ ನನ್ನ ಜೊತೆ ಒಳಗೆ. ಅತ್ತಿಗೆಯ ಜಾಗದಲ್ಲಿ. ಒಂದು ಮಾತಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇವತ್ತು ಮಾತಾಡಿದರು. "ಆ ಏಳನೇ ಲೆಕ್ಕ… ಸೂಪರ್‌ವೈಸರ್ ಎರಡು ಸಲ ಹೇಳಿದ. ನನಗೆ ಇನ್ನೂ ಇಪ್ಪತ್ತೆರಡೇ ಬರುತ್ತೆ. ಹೇಗೆ ಅದು?"

ಕ್ಲಿಪ್ಪು ಮನೆಯಲ್ಲಿ. ಎದುರಿಗೆ ಬಟಾಣಿ ಬಾಕ್ಸಿನ ಸಾಲು. ಹದಿನೆಂಟು ಎಣಿಸಿ ತೋರಿಸಿದೆ. "ಇದಿಷ್ಟೂ ಚಳಿ ಅಂದ್ಕೊಳ್ಳಿ. ಇದರಲ್ಲಿ ನಾಲ್ಕು ತೆಗೀರಿ." ಬಗ್ಗಿದರು. ಮೊದಲನೆಯದನ್ನು ಎತ್ತುವಾಗಲೇ ಸೊಂಟ ಹಿಡಿಯಿತು. ಹಾಗೇ ಅರ್ಧಕ್ಕೆ ನಿಂತರು, ಗೋಡೆಗೆ ಕೈ ಕೊಟ್ಟು. ನಾನೇ ಎತ್ತಿ ಪಕ್ಕಕ್ಕಿಟ್ಟೆ. ಒಂದು. ಎರಡು. ಮೂರು.

"ಸಾಕು ಬಿಡು ಮಗಳೇ, ಗೊತ್ತಾಯ್ತು" ಅಂದರು. ಉಳಿದದ್ದನ್ನು ಎಣಿಸಿರಲೇ ಇಲ್ಲ. ನಾನು ನಾಲ್ಕನೆಯದನ್ನು ಹಿಡಿದುಕೊಂಡೇ ಉಳಿದ ಹದಿನಾಲ್ಕನ್ನು ಒಬ್ಬಳೇ ಎಣಿಸಿದೆ.