ಹಂಡೆಮನೆಯಲ್ಲಿ ಆರುವ ನೀರು

ಹಂಡೆಮನೆ, ಹುಬ್ಬಳ್ಳಿ
ಎರಡು ಸಾವಿರದ ನೂರಾ ತೊಂಬತ್ತೆಂಟನೆಯ ಇಸವಿ, ಇಮ್ಮಡಿ ಶ್ರಾವಣದ (ಈಗ ಶ್ರಾವಣ ಎರಡು ತಿಂಗಳು) ನಲವತ್ತೊಂದನೆಯ ದಿನ

ದಾಕ್ಷಾಯಣಿಯವ್ವನವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ಶಾಲ್ಮಲೆಯ ಶರಣು.

ನಿಮಗೆ ಈಗ ಮೂವತ್ತಾರು, ನನಗೆ ಐವತ್ತೆಂಟು. ನನಗಿಂತ ಚಿಕ್ಕವರನ್ನು ಅವ್ವ ಎಂದು ಕರೆಯಲು ನನಗೂ ಮುಜುಗರವೇ. ಕ್ಷಮಿಸಬೇಕು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅವು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಿರುವವರಿಗೆ ಬರೆಯುವ ಓಲೆ. ಜನ್ಮದಲ್ಲಿ ಒಂದೇ ಸಲ ಬರೆಯಲು ಅಪ್ಪಣೆ. ಉಳಿದವರು ಇದರಲ್ಲಿ ಪ್ರೀತಿ ತೋಡಿಕೊಳ್ಳುತ್ತಾರೆ. ನಾನು ನಿಮ್ಮ ಮೇಲೆ ಜಗಳಕ್ಕೆ ಬಂದಿದ್ದೇನೆ.

ನಿಮ್ಮ ಕಾಲದಲ್ಲಿ ಹೆತ್ತವಳಿಗೆ ಬಾಣಂತನವೆಂದು ಒಂದಷ್ಟು ದಿನ ಎಣ್ಣೆ, ಬಿಸಿನೀರು, ಲೋಬಾನದ ಹೊಗೆ, ಹೊದಿಕೆ ಎಲ್ಲ ಸಿಗುತ್ತಿತ್ತಂತೆ. ಆಮೇಲೆ ಏಳು, ದುಡಿ, ಅಷ್ಟೇ. ನಮ್ಮ ಹಿರಿಯರಿಗೆ ಇದು ಅನ್ಯಾಯವೆನಿಸಿತು. ಮಗುವಿಗೆ ಹತ್ತು ವರ್ಷ ತುಂಬುವವರೆಗೆ ತಾಯಿಗೆ ದಿನವೂ ಅರ್ಧ ತಾಸು ಬಾಣಂತನ ಸಲ್ಲಬೇಕೆಂದು ಕಟ್ಟಳೆ ಮಾಡಿದರು. ಇದಕ್ಕೆ ನಿತ್ಯಬಾಣಂತನ ಎಂದು ಹೆಸರು. ಓಣಿಗೊಂದು ಹಂಡೆಮನೆ ಕಟ್ಟಿದರು. ನಮ್ಮದರಲ್ಲಿ ಬರಿಗಾಲಲ್ಲಿ ನಿಂತರೆ ನೆಲ ಬೆಚ್ಚಗಿರುತ್ತದೆ, ಗೋಡೆಗೆ ಕುಸುಬೆ ಎಣ್ಣೆಯ ವಾಸನೆ ಹತ್ತಿದೆ. ಒಬ್ಬಳು ತಲೆಗೆ ಎಣ್ಣೆ ಒತ್ತುತ್ತಾಳೆ, ಇನ್ನೊಬ್ಬಳು ನೀರು ಹಾಕುತ್ತಾಳೆ. ಆಮೇಲೆ ಕೂದಲಿಗೆ ಹೊಗೆ ಹಿಡಿದು, ಕೌದಿ ಹೊದಿಸಿ ಮಲಗಿಸುತ್ತಾರೆ. ಆ ಹೊತ್ತಿನಲ್ಲಿ ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಅವರಪ್ಪಂದಿರು ಆಡಿಸಬೇಕು, ಅದೂ ಕಟ್ಟಳೆಯೇ. ನಾನು ಇಲ್ಲಿಯ ಹದಗಾರ್ತಿ, ಅಂದರೆ ನೀರಿನ ಬಿಸಿ ಹದವಾಗಿದೆಯೇ ಎಂದು ಕೈ ಅದ್ದಿ ನೋಡುವವಳು. ಮೂವತ್ತು ವರ್ಷದಿಂದ ಇದೇ ಕೆಲಸ.

ಇಷ್ಟೆಲ್ಲ ಇದ್ದೂ ಏನಾಗುತ್ತದೆ ಕೇಳಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತೇನೆ. ಹೆಂಗಸರು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ನೀರು ಹದಕ್ಕೆ ಬಂದಿದೆ, ಬನ್ನಿ ಎನ್ನುತ್ತೇನೆ. ಸಾವಂತ್ರಿ ನಜ್ಮಾಳ ಕಡೆ ತಿರುಗಿ, "ನೀವು ಮೊದ್ಲ ಹೋಗ್ರಿ, ನಿಮ್ಮ ಕೂಸು ಇನ್ನೂ ಸಣ್ಣದೈತಿ" ಅನ್ನುತ್ತಾಳೆ. ನಜ್ಮಾ ಎದೆಯ ಮೇಲೆ ಕೈಯಿಟ್ಟು, "ಇಲ್ರೀ, ನಂದೇನ ಅವಸರಿಲ್ಲ, ಸುವರ್ಣಕ್ಕಾರ ಹೋಗ್ಲಿ, ಪಾಪ, ಅವರ ಸೊಂಟ ಹಿಡದೈತಿ" ಅನ್ನುತ್ತಾಳೆ. ಸುವರ್ಣಕ್ಕನಿಗೆ ಅವಮಾನವಾದಂತೆ! "ನನಗೇನ ಆಗೇತ್ರೀ, ಗುಂಡಕಲ್ಲ ಇದ್ದಂಗದೀನಿ. ಸಾವಂತ್ರಿ ಹೋಗ್ಲಿ" ಎಂದು ಮತ್ತೆ ಮೊದಲಿಗೇ ತಂದು ನಿಲ್ಲಿಸುತ್ತಾಳೆ. ಹೀಗೇ ನೀವು, ಇಲ್ಲ ನೀವು ಅನ್ನುತ್ತ ಒಂಬತ್ತು ಬಡಿಯುತ್ತದೆ. ನೀರು ಆರಿ ತಣ್ಣಗಾಗಿರುತ್ತದೆ. ಎಲ್ಲರೂ ಒಣತಲೆಯಲ್ಲಿ ಮನೆಗೆ ಹೊರಡುತ್ತಾರೆ, ಅದೂ ಏನೋ ದೊಡ್ಡ ಉಪಕಾರ ಮಾಡಿದ ಮುಖ ಮಾಡಿಕೊಂಡು. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಚೀಟಿ ಎತ್ತಿ ಸರದಿ ಗೊತ್ತು ಮಾಡಿದೆ, ತಮ್ಮ ಚೀಟಿಯನ್ನು ಪಕ್ಕದವಳ ಸೆರಗಿಗೆ ಕಟ್ಟಿ ಹೋದರು. ಗದರಿದೆ, ಶಾಲ್ಮಲಕ್ಕ ಬಾಳ ಸಿಟ್ಟಿನಾಕಿ ಎಂದು ಹೆಸರು ಬಂತು. ಕೊನೆಗೆ ಓಣಿಸಭೆಯವರು ಬಂದು ನೋಡಿ, ಯಾರೂ ಮೀಯದ ಮನೆಗೆ ನೀರೇಕೆ ಎಂದರು. ಬರುವ ಹುಣ್ಣಿಮೆಗೆ ಬೀಗ ಹಾಕುತ್ತಾರಂತೆ.

ಹಾಕಲಿ ಬಿಡಿ ಎನ್ನುತ್ತಿದ್ದೆ, ನನ್ನ ಮಗಳು ನೀಲವ್ವ ಇರದಿದ್ದರೆ. (ನಿಮ್ಮ ಕಾಲಕ್ಕೆ ಹಳೆಯದೆನಿಸಿದ್ದ ಹೆಸರುಗಳು ಈಗ ಮತ್ತೆ ಬಂದಿವೆ.) ನೀಲವ್ವನಿಗೆ ಏಳು ತಿಂಗಳ ಅವಳಿ ಮಕ್ಕಳಿದ್ದಾರೆ. ರೊಟ್ಟಿ ಬಡಿಯಲು ಯಂತ್ರವಿದೆ. ಇವಳು ಅದರ ಪಕ್ಕ ನಿಂತು ರೊಟ್ಟಿ ತಿರುವುತ್ತಾಳೆ. ಗಂಡ ಬಟ್ಟೆ ಮಡಚುತ್ತಾನೆ. ಇವಳು ಬಿಚ್ಚಿ ಮತ್ತೆ ಮಡಚುತ್ತಾಳೆ. ಕಳೆದ ತಿಂಗಳು ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಳು. ಮೊನ್ನೆ ಮತ್ತೆ ಬಿದ್ದಳು. ಅದೃಷ್ಟಕ್ಕೆ ಆಗ ಕಂಕುಳಲ್ಲಿ ಕೂಸು ಇರಲಿಲ್ಲ. ವೈದ್ಯೆ ನಾಡಿ, ಎದೆ, ರಕ್ತ ಎಲ್ಲ ನೋಡಿ, ಎದೆ ದಣಿದುಹೋಗಿದೆ, ದಿನಕ್ಕೆ ಅರ್ಧ ತಾಸಾದರೂ ಮಲಗದಿದ್ದರೆ ಮೂರನೆಯ ಸಲ ಬಿದ್ದವಳು ಏಳುತ್ತಾಳೆಂದು ನಾನು ಹೇಳಲಾರೆ ಎಂದರು. ಆ ಅರ್ಧ ತಾಸು ಅವಳ ಮನೆಯಿಂದ ನಾಲ್ಕು ಹೆಜ್ಜೆಯಲ್ಲಿದೆ. ಅವಳವ್ವನೇ ಅಲ್ಲಿ ನೀರು ಕಾಯಿಸುತ್ತಾಳೆ. ಆದರೂ ಅವಳು ತನ್ನ ಸರದಿಯನ್ನು ದಿನವೂ ಬೇರೆಯವರಿಗೆ ಕೊಟ್ಟು ಬರುತ್ತಾಳೆ.

ನಿನ್ನೆ ಬಾಯಿಗೆ ಬಂದಂತೆ ಬೈದೆ. ಅವಳು ಅಳಲಿಲ್ಲ. "ನೀ ಎಂದಾದ್ರೂ ಮಿಂದೀಯೇನವ್ವಾ ಅಲ್ಲೆ?" ಎಂದು ಕೇಳಿದಳು. ನಾನು, "ನನಗ ಕೆಲಸ ಇತ್ತು" ಎಂದೆ. ಅವಳು ನಕ್ಕಳು. ಆಮೇಲೆ ನಿಮ್ಮ ಹೆಸರು ತೆಗೆದಳು. "ದಾಕ್ಷಾಯಣಿಯವ್ವನ್ನ ನೋಡು. ಜನ್ಮೆಲ್ಲಾ ನಿಂತಕೊಂಡೇ ಉಂಡಾಳ. ಏನಾತು ಆಕಿಗೆ?"

ಇಲ್ಲಿಯೇ ನನ್ನ ಜಗಳ ಶುರು. ನಿಮ್ಮದೊಂದು ವಿಡಿಯೊ ನಮ್ಮ ವಂಶದ ಪೆಟ್ಟಿಗೆಯಲ್ಲಿ ಉಳಿದಿದೆ. ನೀವು ನಿಮ್ಮ ಈ ಮೂವತ್ತಾರರಲ್ಲೇ ತೆಗೆಸಿಕೊಂಡದ್ದು. ಫೋನು ಹಿಡಿದವರು ನಿಮ್ಮ ಹಿರಿಮಗಳು. ಎಲ್ಲರ ತಾಟುಗಳೂ ತುಂಬಿವೆ. ನೀವು ಒಲೆಯ ಪಕ್ಕ ನಿಂತು, ಅರ್ಧ ರೊಟ್ಟಿಯಲ್ಲಿ ಬೋಗುಣಿಯ ತಳಕ್ಕೆ ಹತ್ತಿದ ಪಲ್ಯ ಒರೆಸಿಕೊಂಡು, "ನಂದಾತು, ನೀವು ಉಣ್ರಿ" ಎಂದು ನಗುತ್ತೀರಿ. ಅಷ್ಟೇ ಇರುವುದು. ನಮ್ಮ ಮನೆಯ ಪ್ರತಿ ಬಸುರಿಯ ಕುಬುಸದ ಶಾಸ್ತ್ರದಲ್ಲೂ ಅದನ್ನು ಹಚ್ಚಿ ತೋರಿಸುತ್ತಾರೆ. ಮುತ್ತೈದೆಯರು ಕಣ್ಣೊರೆಸಿಕೊಂಡು, ತಾಯಿ ಅಂದರೆ ಹೀಗಿರಬೇಕು ಎನ್ನುತ್ತಾರೆ. ನನ್ನ ಕುಬುಸದಲ್ಲಿ ನಾನೂ ಅತ್ತೆ. ನೀಲವ್ವನ ಕುಬುಸದಲ್ಲಿ ಅದನ್ನು ಹಚ್ಚಿದವಳು ನಾನೇ. ಈಗ ನನ್ನ ಕೈಯನ್ನೇ ಕಡಿದುಕೊಳ್ಳಬೇಕೆನಿಸುತ್ತದೆ.

ಏನಾಯಿತು ಆಕೆಗೆ ಎಂದು ಮಗಳು ಕೇಳಿದಳಲ್ಲ, ಉತ್ತರ ನನಗೆ ಗೊತ್ತು. ವಂಶದ ಪುಸ್ತಕದಲ್ಲಿ ಇಸವಿ ಸಮೇತ ಇದೆ. ಅಂಥ ಸುದ್ದಿಯನ್ನು ಹಿಂದೋಲೆಯಲ್ಲಿ ಬರೆಯಕೂಡದೆಂಬ ನಿಯಮವಿರುವುದರಿಂದ ಬರೆಯುವುದಿಲ್ಲ. ನಿಮ್ಮ ಕಿರಿಮಗಳಿಗೆ ಆಗಿನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ ಎಂದಷ್ಟೇ ಹೇಳುತ್ತೇನೆ. ಓಲೆ ಪರಿಶೀಲಿಸುವವರು ಇದನ್ನೂ ಅಳಿಸಿಹಾಕುತ್ತಾರೋ ಏನೋ. ನಿಮಗೆ ತಲುಪಿದ್ದರೆ ಇನ್ನೊಮ್ಮೆ ಓದಿ.

ನಿಮ್ಮಿಂದ ತ್ಯಾಗ ಗೀಗ ಏನೂ ಬೇಡ, ಅದು ಬೇಕಾದಷ್ಟಾಯಿತು. ನನಗೆ ಇನ್ನೊಂದು ವಿಡಿಯೊ ಬೇಕು. ನಾಳೆಯೇ ಮಗಳ ಕೈಗೆ ಫೋನು ಕೊಡಿ. ಚಾಪೆ ಹಾಸಿಕೊಂಡು ಕೂತುಕೊಳ್ಳಿ. ನಿಮ್ಮ ತಾಟಿಗೆ ಮೊದಲು ಬಡಿಸಿಕೊಳ್ಳಿ, ಬಿಸಿರೊಟ್ಟಿ, ಪಲ್ಯ, ಮೇಲೆ ಬೆಣ್ಣೆ. ಯಾರಾದರೂ ಕರೆದೇ ಕರೆಯುತ್ತಾರೆ. ಆಗ ಏಳಬೇಡಿ. "ತಡೀರಿ, ನಂದು ಊಟ ಆಗ್ಲಿ" ಅನ್ನಿ. ಗಟ್ಟಿಯಾಗಿ ಅನ್ನಿ, ಬೇಕಿದ್ದರೆ ಸಿಟ್ಟಿನಲ್ಲೇ ಅನ್ನಿ. ನೀಲವ್ವ ನನ್ನ ಮಾತು ಕೇಳುವುದಿಲ್ಲ, ವೈದ್ಯೆಯ ಮಾತೂ ಕೇಳುವುದಿಲ್ಲ. ನಿಮ್ಮ ಮಾತು ಕೇಳುತ್ತಾಳೆ.

ಓಲೆ ಇಂದು ಸಂಜೆಗೆ ನಿಮ್ಮನ್ನು ಸೇರುತ್ತದೆ. ನಿಮ್ಮ ನಾಳೆ ನಮಗೆ ಎಂದೋ ಆಗಿಹೋದದ್ದು, ನೀವು ತೆಗೆಸಿದ್ದು ಅಷ್ಟರಲ್ಲಿ ನಮ್ಮ ಪೆಟ್ಟಿಗೆ ಸೇರಿರುತ್ತದೆ. ನಾಳೆ ಬೆಳಿಗ್ಗೆ ನೀರು ಹದಕ್ಕೆ ಬರುವ ಮೊದಲು ವಂಶದ ಪೆಟ್ಟಿಗೆ ತೆರೆದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತೇನೆ. ನಿಮ್ಮ ಕಾಲಿಗೆ ಬೀಳುತ್ತೇನೆ ತಾಯಿ, ಆ ಹೊಸ ವಿಡಿಯೊದಲ್ಲಿ ನೀವು ಕೂತೇ ಇರಿ.