ಮಹನಾಜ್ ಹುರಿದ ಹಲ್ವ

ಅತ್ತೆ,

ಒಲೆಯ ಪಕ್ಕ ಮುಚ್ಚಿಟ್ಟಿರುವುದು ಹಲ್ವ. ಇದನ್ನು ಓದಿದ ಮೇಲೆ ತಿನ್ನಿ.

"ಆ ಮಹಡಿ ಹುಡ್ಗಿ ಯಾಕಂಗೆ ಅಳ್ತಾವ್ಳೆ, ಕೇಳಮ್ಮಿ" ಅಂದಿದ್ದಿರಲ್ಲ, ಕೇಳಿದೆ. ಅವಳ ದೇಶ ಇರಾನಿನಲ್ಲಿ ಪೊಲೀಸರು ವಿದ್ಯಾರ್ಥಿಗಳ ಹಾಸ್ಟೆಲಿಗೆ ನುಗ್ಗಿ ಹೊಡೆದರಂತೆ. ಮಹನಾಜ್ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ತಿಳಿದುಕೊಂಡು ಬಂದಿದ್ದಾಳೆ. ಅವಳ ತಮ್ಮ ಕೈ ಮುರಿದುಕೊಂಡು ಉಳಿದ. ಅವನ ಕೋಣೆಯ ಗೆಳೆಯ ಉಳಿಯಲಿಲ್ಲ. ಚಿಕ್ಕಂದಿನಿಂದ ಇವಳ ಮನೆಯಲ್ಲೇ ಉಂಡು ಬೆಳೆದ ಹುಡುಗ.

ಬೆಳಿಗ್ಗೆ ಕೆಳಗಿಳಿದು ಬಂದು ಗೋಧಿಹಿಟ್ಟು, ತುಪ್ಪ ಕೇಳಿದಳು. "ಸತ್ತದ್ದಕ್ಕೆ ಯಾರಾದ್ರೂ ಸೀ ಮಾಡ್ತಾರೇನೇ?" ಅಂದೆ.

"ನಮ್ಮಲ್ಲಿ ಮಾಡ್ತಾರೆ ಅಕ್ಕ. ಹಂಚ್ತಾರೆ. ತಿನ್ನೋರು ಅವನ ಹೆಸರು ಹೇಳ್ಬೇಕು."

ಹಿಟ್ಟು ಕೆಂಪಗಾಗುವವರೆಗೆ ಒಬ್ಬಳೇ ಹುರಿದಳು; ನಾನು ಕೇಳಿದರೂ ಸೌಟು ಕೊಡಲಿಲ್ಲ. ನಮ್ಮ ಒಲೆಯಲ್ಲಿ ಮಾಡಿಸಿದ್ದಕ್ಕೆ ಬೈಯುವುದಿದ್ದರೆ ನನ್ನನ್ನು ಬೈಯಿರಿ, ಅವಳನ್ನಲ್ಲ.

ಉಳಿದದ್ದನ್ನು ತೆಗೆದುಕೊಂಡು ಇಬ್ಬರೂ ಗುರುಪುರಕ್ಕೆ ಹೊರಟಿದ್ದೇವೆ. ಅವಳ ಓದೆಲ್ಲ ಅಲ್ಲಿಯ ಟಿಬೆಟಿನವರ ಬಗ್ಗೆ ತಾನೆ? ಅವರು ಆ ಹುಡುಗನಿಗೆ ದೀಪ ಹಚ್ಚುತ್ತಾರಂತೆ. ತಮ್ಮ ನಾಡು ಬಿಟ್ಟು ಬಂದವರು ಇವಳಿಗೆ ಏನು ಹೇಳುತ್ತಾರೋ, ನನಗೂ ಕೇಳುವ ಆಸೆ.

ಮೂರು ಗಂಟೆ ಬಸ್ಸಿಗೆ ಬರುತ್ತೇನೆ. ಸಾರು ಬಿಸಿ ಮಾಡಿಕೊಳ್ಳಿ. ಬಿಪಿ ಮಾತ್ರೆ ನುಂಗಿ, ಸೆರಗಿಗೆ ಕಟ್ಟಿಕೊಂಡು ಮರೆಯಬೇಡಿ.

ಹುಡುಗನ ಹೆಸರು ಕಾವೆ. ಅಲ್ಲಿ ಅವನ ತಾಯಿ ನಾಲ್ಕು ಜನರ ಮುಂದೆ ಆ ಹೆಸರು ಹಿಡಿದು ಅಳುವ ಹಾಗಿಲ್ಲವಂತೆ. ನೀವು ಜೋರಾಗಿಯೇ ಹೇಳಿ.

ಸುನಂದ